ಫರಸಿ ಕಿತ್ತ ಅಂಗಳ

ಫರಸಿ ಕಲ್ಲಿನ ಮೇಲೆ ಬಿದ್ದ ಮೊಣಕಾಲನ್ನು ನಾನು ದೂರದಿಂದಲೇ ಗುರುತಿಸುತ್ತಿದ್ದೆ. ಮಣ್ಣಿನಲ್ಲಿ ಬಿದ್ದವರ ಗಾಯದಲ್ಲಿ ಕಸ ಕೂತಿರುತ್ತದೆ, ತೊಳೆಯಲು ಹೊತ್ತು ಬೇಕು. ಕಲ್ಲಿನ ಅಂಚು ತಾಗಿದ್ದಾದರೆ ಸ್ವಚ್ಛವಾಗಿ ಸೀಳಿರುತ್ತದೆ, ಹೊಲಿಗೆ ಹಾಕಿದರೆ ಕೆಲಸ ಮುಗಿಯಿತು. ಅಫಜಲಪುರದ ಸರಕಾರಿ ಆಸ್ಪತ್ರೆಯಲ್ಲಿ ನಾನು ನರ್ಸಾಗಿದ್ದ ವರ್ಷಗಳಲ್ಲಿ, ಕಾಲೇಜು ಶುರುವಾಯಿತೆಂದರೆ ಸಂಜೆಯ ಹೊತ್ತು ಇಂಥ ಮೊಣಕಾಲುಗಳು ಬರುತ್ತಿದ್ದವು. ಅವುಗಳ ಹಿಂದೆ, ಕೊರಳಲ್ಲಿ ಸೀಟಿ ಹಾಕಿಕೊಂಡು, ನನ್ನ ಗಂಡ ಬರುತ್ತಿದ್ದರು.

"ಜಲ್ದಿ ಮುಗ್ಸು. ನಾಳೆ ಮುಂಜಾನೆ ಆಡಬೇಕು ಇಂವ."

"ನಾಳೆ ಆಡಿದ್ರ ಹೊಲಿಗಿ ಬಿಚ್ಚತಾವ್ರಿ."

"ಬಿಚ್ಚಿದ್ರ ನೀ ಇದ್ದೀಯಲ್ಲ."

ಗೊಬ್ಬೂರಿನ ಉದ್ದನೆಯ ಹುಡುಗನೊಬ್ಬ ಹೊಲಿಗೆಯ ನೋವಿನಲ್ಲೂ ಕೇಳಿದ್ದ, "ಬಾಯಾರ, ಸರ್ ಅವ್ರು ಮನ್ಯಾಗೂ ಸೀಟಿ ಊದ್ತಾರೇನ್ರಿ?"

"ಊದಿ ನೋಡ್ಲಿ," ಅಂದಿದ್ದೆ.

ನನ್ನ ಗಂಡ ಊರಿನ ಕಾಲೇಜಿನಲ್ಲಿ ಹುಡುಗರಿಗೆ ಆಟ ಕಲಿಸುವ ಮಾಸ್ತರರಾಗಿದ್ದರು. ಎಲ್ಲ ಆಟಗಳೂ ಅವರ ಪಾಲಿಗಿದ್ದರೂ ಮನಸ್ಸಿದ್ದದ್ದು ಬಾಸ್ಕೆಟ್‌ಬಾಲ್ ಮೇಲೆ. ಆಗ ನಮ್ಮ ಕಡೆ ಆ ಆಟವನ್ನು ನೋಡಿದವರೇ ಕಡಿಮೆ. ಟ್ರಾಕ್ಟರ್ ರಿಪೇರಿ ಮಾಡುವವನಿಂದ ಕಬ್ಬಿಣದ ಕಂಬ ಮತ್ತು ರಿಂಗು ಮಾಡಿಸಿ ನಿಲ್ಲಿಸಿದರು. ತೊಂದರೆ ಇದ್ದದ್ದು ನೆಲದ್ದು. ಎರೆಮಣ್ಣು ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ, ಮಳೆಯಲ್ಲಿ ಚಪ್ಪಲಿಯನ್ನೇ ಕಿತ್ತುಕೊಳ್ಳುತ್ತದೆ. ಅಂಥ ನೆಲದ ಮೇಲೆ ಚೆಂಡು ಪುಟಿಯುವುದು ಎಲ್ಲಿಂದ ಬಂತು? ಕೊನೆಗೆ ಕಾಲೇಜು ಕಮಿಟಿಯ ಗೌಡರು ಬೀಗರ ಖಣಿಯಿಂದ ಲಾರಿಗಟ್ಟಲೆ ಫರಸಿ ಕಳಿಸಿದರು. ನಮ್ಮ ಭಾಗದಲ್ಲಿ ಮನೆಮನೆಗೂ ಹಾಸುವ ಶಹಾಬಾದಿ ಕಲ್ಲು. ಅದನ್ನೇ ಅಂಗಳಕ್ಕೆ ಹಾಸಿ, ಬಿಳಿ ಬಣ್ಣದಲ್ಲಿ ಗೆರೆ ಎಳೆದರು.

ಒಂದು ಮಳೆಗಾಲ ದಾಟುವುದರೊಳಗೆ ಕೆಳಗಿನ ಎರೆ ಉಬ್ಬಿ ಇಳಿದು, ಒಂದು ಫರಸಿ ಮೇಲಾಯಿತು, ಪಕ್ಕದ್ದು ಕೆಳಗಾಯಿತು. ಚೆಂಡು ಸಂದಿಗೆ ತಾಗಿದರೆ ಎಲ್ಲಿಗೆ ಹಾರುತ್ತದೆಂದು ಹೇಳುವಂತಿರಲಿಲ್ಲ. ನಮ್ಮ ಹುಡುಗರು ಮಾತ್ರ ಪ್ರತಿಯೊಂದು ಸಂದನ್ನೂ ಕಲಿತುಬಿಟ್ಟರು. ಕಣ್ಣು ನೆಲದ ಮೇಲಿಟ್ಟು, ಸಂದು ತಪ್ಪಿಸಿ ಚೆಂಡು ತಟ್ಟುತ್ತ ಓಡುತ್ತಿದ್ದರು.

ಆಳಂದ, ಜೇವರ್ಗಿ, ಅಫಜಲಪುರ ಮತ್ತು ಸುತ್ತಲಿನ ಸಣ್ಣ ಕಾಲೇಜುಗಳದೆಲ್ಲ ಒಂದು ವಲಯ. ಕಲಬುರ್ಗಿಯವರು ಅದನ್ನು 'ಜ್ವಾಳದ ವಲಯ' ಎಂದು ನಗುತ್ತಿದ್ದರು. ಪಂದ್ಯಗಳು ಮಳೆಗಾಲದಲ್ಲೇ ನಡೆಯುತ್ತಿದ್ದವು. ಉಳಿದ ಊರುಗಳ ಅಂಗಳಗಳು ಕೆಸರಾಗುತ್ತಿದ್ದುದರಿಂದ ಎಲ್ಲರೂ ನಮ್ಮ ಫರಸಿಯ ಮೇಲೆಯೇ ಬಂದು ಆಡಬೇಕಾಗುತ್ತಿತ್ತು, ಸೋಲಬೇಕಾಗುತ್ತಿತ್ತು. ಜೇವರ್ಗಿ ತಂಡದಲ್ಲಿದ್ದ ಅಂದೋಲಾ ಊರಿನ ಹುಡುಗ ಒಮ್ಮೆ ನನ್ನ ಮುಂದೆ ಮೊಣಕಾಲು ಚಾಚಿ ಕೂತು, "ಬಾಯಾರ, ನಿಮ್ಮ ಸರ್ ಆಟಾ ಕಲಸ್ಯಾರೋ, ಕಲ್ಲಿಗೆ ಮಾಟಾ ಮಾಡ್ಸ್ಯಾರೋ?" ಎಂದ. ಎಲ್ಲರೂ ನಕ್ಕರು. ನನ್ನ ಗಂಡ ನಗಲಿಲ್ಲ.

ಗೆಲುವೆಲ್ಲ ಕಲ್ಲಿನದೇ ಎಂದರೆ ಅನ್ಯಾಯವಾಗುತ್ತದೆ. ನಸುಕಿಗೆ ಹುಡುಗರು ಬಾವಿಯಿಂದ ನೀರು ಹೊತ್ತು ಅಂಗಳ ತೊಳೆಯಬೇಕಿತ್ತು, ಧೂಳಿದ್ದರೆ ಕಾಲು ಜಾರುತ್ತದೆ. ತಡವಾಗಿ ಬಂದವನಿಗೆ ಆ ದಿನ ಚೆಂಡು ಮುಟ್ಟುವ ಹಾಗಿರಲಿಲ್ಲ, ಬೇರೆಯವರ ಬೆವರಿನ ಬನಿಯನ್‌ಗಳನ್ನು ಒಗೆಯಬೇಕಿತ್ತು. ಯಾವ ಮನೆತನದ ಹುಡುಗನಾದರೂ ಅದೇ. ನಾನು ತರಬೇತಿ ಪಡೆದ ಆಸ್ಪತ್ರೆಯಲ್ಲಿ ಹಾಸಿಗೆಯ ಚಾದರದ ಮೂಲೆ ಸರಿಯಾಗಿ ಮಡಚದಿದ್ದರೆ ಇಡೀ ವಾರ್ಡನ್ನು ಮತ್ತೆ ಹಾಸಿಸುತ್ತಿದ್ದರು. ಹಾಗಾಗಿ ನನ್ನ ಗಂಡನ ಶಿಸ್ತು ನನಗೆ ಒಗ್ಗಿತ್ತು. ಮನೆಯಲ್ಲಿ ನಾವಿಬ್ಬರೂ ಗಡಿಯಾರದ ಮಂದಿ.

ನನಗೊಂದು ಆಸೆಯಿತ್ತು. ಕಲಬುರ್ಗಿಯ ದೊಡ್ಡ ಆಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ ಕೆಲಸ ಮಾಡಬೇಕೆಂದು. ಅಫಜಲಪುರದಲ್ಲಿ ಕಂದೀಲಿನ ಬೆಳಕಿನಲ್ಲಿ ಹೆರಿಗೆ ಮಾಡಿಸಿದ್ದೇನೆ, ಹಾವು ಕಚ್ಚಿದವರನ್ನು ಎತ್ತಿನ ಗಾಡಿಯಿಂದ ಇಳಿಸಿಕೊಂಡಿದ್ದೇನೆ. ಆದರೆ ಮುಂದಿನದನ್ನು ಕಲಿಯುವ ದಾರಿ ಅಲ್ಲಿರಲಿಲ್ಲ. ನನ್ನ ಗಂಡನಿಗೆ ಕಲಬುರ್ಗಿಯಲ್ಲಿ ಕೆಲಸ ಸಿಕ್ಕರೆ ನಾನೂ ವರ್ಗ ಕೇಳಬಹುದಿತ್ತು. ಇಬ್ಬರೂ ಒಟ್ಟಿಗೆ ಹೋಗೋಣವೆಂದು ಮಾತಾಗಿತ್ತು. ಮಕ್ಕಳಿಲ್ಲದ ಮನೆ ನಮ್ಮದು. ಹೋಗುವುದಕ್ಕೆ ಎರಡು ಟ್ರಂಕು ಸಾಕಾಗಿತ್ತು.

ಎಂಬತ್ತರ ದಶಕ ಶುರುವಾದ ಹೊಸದರಲ್ಲಿ ಆ ಕರೆ ಬಂದೇ ಬಂತು. ಕಲಬುರ್ಗಿಯ ದೊಡ್ಡ ಕಾಲೇಜೊಂದರ ಪ್ರಿನ್ಸಿಪಾಲರು ನಮ್ಮ ವಲಯದ ಪಂದ್ಯ ನೋಡಲು ಬಂದಿದ್ದರು. ನನ್ನ ಗಂಡನಿಗೆ ಖಾಯಂ ನೌಕರಿ, ಇರಲು ಮನೆ, ಆಡಿಸಲು ಸಿಮೆಂಟಿನ ಅಂಗಳ ಕೊಡುತ್ತೇವೆಂದರು. ಹೋಗುವಾಗ ನನಗೂ ಕೈಮುಗಿದು, "ಅವ್ರಿಗಿ ನೀವ ಜರಾ ಹೇಳ್ರಿ ಬಾಯಾರ," ಎಂದರು. ವಲಯ ಗೆದ್ದ ನಮ್ಮ ತಂಡ ಕಲಬುರ್ಗಿಗೆ ಹೋಗಿ ದೊಡ್ಡ ಕಾಲೇಜುಗಳೊಡನೆ ಆಡಿ ಬರಲಿ, ಆಮೇಲೆ ಹೂಂ ಅನ್ನುತ್ತೇನೆ ಎಂದು ನನ್ನ ಗಂಡ ಹೇಳಿದರು. ನಾನು ಅಂದೇ ವರ್ಗದ ಅರ್ಜಿ ಹಾಕಿದೆ.

ಕಲಬುರ್ಗಿಯಲ್ಲಿ ನಮ್ಮವರು ಪ್ರತಿ ವರ್ಷವೂ ಮೊದಲ ಪಂದ್ಯದಲ್ಲೇ ಸೋಲುತ್ತಿದ್ದರು. ಸಣ್ಣ ಊರಿನ ಹುಡುಗರು, ಹೆದರುತ್ತಾರೆ ಎಂದು ಎಲ್ಲರೂ ತಿಳಿದಿದ್ದೆವು. ಆ ಸಲ ನಾನೂ ರಜೆ ಹಾಕಿ ಹೋಗಿದ್ದೆ. ಸಿಮೆಂಟು ನುಣ್ಣಗಿತ್ತು, ಎಲ್ಲೂ ಒಂದು ಬಿರುಕಿರಲಿಲ್ಲ. ನಮ್ಮ ಹುಡುಗರು ಚೆಂಡು ತಟ್ಟುತ್ತ ಹೊರಟರು, ತಲೆ ತಗ್ಗಿಸಿಕೊಂಡು. ಎದುರಿನವರು ಬಂದು ಕೈಯಿಂದ ಚೆಂಡು ಕಸಿದುಕೊಂಡು ಹೋದರು. ಮತ್ತೊಮ್ಮೆ ಹಾಗೆಯೇ. ಕಟ್ಟೆಯ ಮೇಲೆ ಕೂತ ಒಬ್ಬ ಕೂಗಿದ:

"ಏನ್ ಕಳಕೊಂಡೀರ್ಲೇ ನೆಲದಾಗ? ಚಾರಾಣೆ ಬಿದ್ದಾವೇನು?"

"ಜ್ವಾಳದ ಕಾಳ ಹುಡುಕಾಕತ್ತಾರಲೇ, ಬಿಡು ಅವ್ರಿಗಿ!" ಎಂದ ಇನ್ನೊಬ್ಬ.

ಇಡೀ ಕಟ್ಟೆ ನಕ್ಕಿತು. ನಾನು ನನ್ನ ಗಂಡನ ಕಡೆ ನೋಡಿದೆ. ಅವರು ಎದ್ದು ನಿಂತಿದ್ದರು. ಸೀಟಿ ಬಾಯಿಯಲ್ಲಿತ್ತು, ಊದಿರಲಿಲ್ಲ. ಇಷ್ಟು ವರ್ಷ ಕಾಣದ್ದು ಆ ಕೂಗಿನಲ್ಲಿ ಅವರಿಗೆ ಕಂಡಿತ್ತು. ಇಲ್ಲದ ಸಂದುಗಳನ್ನು ತಪ್ಪಿಸುತ್ತ ಓಡುವುದನ್ನು ಹುಡುಗರಿಗೆ ಕಲಿಸಿದವರು ತಾವೇ.

ಅಂದೇ ರಾತ್ರಿ ಬಸ್ಸಿಗೆ ವಾಪಸು ಬಂದೆವು. ಮರುದಿನ ನಸುಕಿಗೆ ಹುಡುಗರು ಕೊಡ ಹಿಡಿದು ಬಂದರೆ, ಇವರು ಹಾರೆ ಹಿಡಿದು ನಿಂತಿದ್ದರು. ಮಧ್ಯಾಹ್ನದ ಹೊತ್ತಿಗೆ ಅರ್ಧ ಅಂಗಳದ ಫರಸಿ ಎದ್ದು ಕಾಂಪೌಂಡಿಗೆ ಆನಿಕೊಂಡಿತ್ತು. ಗೌಡರು ಓಡಿ ಬಂದರು. ನಾನು ಗಂಡನ ಬುತ್ತಿ ಒಯ್ದಿದ್ದೆ, ಅಲ್ಲೇ ಇದ್ದೆ.

"ಮಾಸ್ತರ, ಏನ್ ಹುಚ್ಚ್ ಹಿಡೀತ್ರಿ ನಿಮಗ? ಈ ಕಲ್ಲಿನ ಮ್ಯಾಲೇ ಅಲ್ರಿ ನಾವು ಕಪ್ ತಂದದ್ದು?"

"ಅದಕ್ಕೇ ಕೀಳಾಕತ್ತೇನ್ರಿ ಗೌಡ್ರ."

"ಬರೂ ವರ್ಷ ಆಳಂದದವ್ರು ಗೆದ್ರ?"

"ಗೆಲ್ಲಲಿ ಬಿಡ್ರಿ."

"ಹಂಗಂದ್ರ ಏನ್ರಿ, ಗೆಲ್ಲಲಿ ಅಂದ್ರ?" ಗೌಡರು ನನ್ನ ಕಡೆ ತಿರುಗಿದರು. "ಬಾಯಾರ, ಇವ್ರಿಗಿ ಒಂದು ಸೂಜಿ ಚುಚ್ಚ್ರಿ."

ಕೆಂಪು ಗರಸು ಮಣ್ಣು ತರಿಸಿ, ನೀರು ಹೊಡೆದು, ಬಡಿದು ದಮ್ಮಸು ಮಾಡಿ ಮಟ್ಟಸ ನೆಲ ಮಾಡಬೇಕೆಂದು ನನ್ನ ಗಂಡನ ಲೆಕ್ಕ. ಮಟ್ಟಸ ನೆಲದ ಮೇಲೆ ಕಲಿತರೆ ಹುಡುಗರು ತಲೆ ಎತ್ತುತ್ತಾರೆ. ಅದಕ್ಕೆ ಸಮಯ ಬೇಕು. ಸಮಯದ ಮಾತು ಬಂದಾಗಲೇ, ಇವರು ಕಲಬುರ್ಗಿಗೆ ಬರುವುದಿಲ್ಲವೆಂದು ನನಗೆ ತಿಳಿಯಿತು. ಆದರೂ ರಾತ್ರಿ ಊಟಕ್ಕೆ ಕೂತಾಗ ನೇರವಾಗಿ ಕೇಳಿದೆ. ಸುತ್ತಿ ಬಳಸಿ ಕೇಳುವುದು ನನಗೆ ಬರುವುದಿಲ್ಲ.

"ಕಲಬುರ್ಗಿದವ್ರಿಗಿ ಏನಂತ ಹೇಳ್ತೀರಿ?"

"ಅಂಗಳ ಅಗದಿಟ್ಟು ಹ್ಯಾಂಗ ಹೋಗ್ಲಿ?"

"ಅಗಿಯೂದ್ರಕಿಂತ ಮೊದ್ಲ ನನಗ ಒಂದ್ ಮಾತ್ ಕೇಳಬೇಕಿತ್ತು."

"ಕೇಳಿದ್ರ ನೀ ಬ್ಯಾಡ ಅಂತಿದ್ದಿ."

"ಹೌದು, ಅಂತಿದ್ದೆ."

ಅವರು ರೊಟ್ಟಿ ಮುರಿದರು, ತಿನ್ನಲಿಲ್ಲ. "ಆ ಹುಡುಗ್ರು ಅಲ್ಲಿ ನಗಿಚಾಟಕ್ಕೀಡಾದದ್ದು ನನ್ನಿಂದ. ನಾ ಈಗ ಸಿಮೆಂಟಿನ ಮ್ಯಾಲ ಹೋಗಿ ನಿಂತ್ರ, ಅವ್ರಿಗಿ ನಾ ಏನಾಗ್ಲಿ?"

"ನನಗ ಏನಾಗ್ತೀರಿ?"

ಅವರು ಮುರಿದ ರೊಟ್ಟಿಯನ್ನು ಮತ್ತೆ ತಟ್ಟೆಯಲ್ಲಿಟ್ಟರು. ಸುಳ್ಳು ಸಮಾಧಾನ ಹೇಳಲಿಲ್ಲ, ಅಷ್ಟರಮಟ್ಟಿಗೆ ಅವರು ನೆಟ್ಟಗಿನವರು.

ನನ್ನ ವರ್ಗದ ಆದೇಶ ದಸರೆಯ ಹೊತ್ತಿಗೆ ಬಂತು. ರದ್ದು ಮಾಡಿಸುವ ದಾರಿ ಇತ್ತು, ಮಾಡಿಸಲಿಲ್ಲ. ಒಂದು ಟ್ರಂಕಿನಲ್ಲಿ ನನ್ನ ಬಟ್ಟೆ ತುಂಬಿದೆ, ಇನ್ನೊಂದು ಅಲ್ಲೇ ಉಳಿಯಿತು. ಟ್ರಂಕನ್ನು ಬಸ್ಸಿನ ಮೇಲೆ ಅವರೇ ಏರಿಸಿ ಹಗ್ಗ ಬಿಗಿದರು. ಬಸ್ಸು ಹೊರಡುವಾಗ, "ಶನಿವಾರ ಬರ್ತೇನಿ," ಎಂದರು. ಬಹಳ ಶನಿವಾರ ಬಂದರು. ಆಟದ ದಿನಗಳಲ್ಲಿ ಬರುತ್ತಿರಲಿಲ್ಲ.

ಮರು ವರ್ಷವೂ ಅದರ ಮುಂದಿನ ವರ್ಷವೂ ನಮ್ಮವರು ವಲಯದಲ್ಲೇ ಸೋತರು. ಗರಸಿನ ನೆಲ ಮಳೆಗೆ ಕಿತ್ತು ಹೋಯಿತು, ಮತ್ತೆ ಹಾಕಿದರು. ಆಳಂದದ ಕಾಲೇಜಿಗೆ ಕಪ್ ಹೋಯಿತು. ಗೌಡರು ಬಹಳ ದಿನ ಮಾತು ಬಿಟ್ಟಿದ್ದರಂತೆ. ಕಲಬುರ್ಗಿಯಿಂದ ಮತ್ತೊಮ್ಮೆ ಕರೆ ಹೋಯಿತು, ಆಮೇಲೆ ಹೋಗಲಿಲ್ಲ. ನಾನು ಥಿಯೇಟರಿನ ಕೆಲಸ ಕಲಿತೆ. ಚೆನ್ನಾಗಿ ಕಲಿತೆ. ಬಾಡಿಗೆ ಕೋಣೆಯಲ್ಲಿ ಒಬ್ಬಳಿಗೆ ಅಡಿಗೆ ಮಾಡುವುದು ಮಾತ್ರ ರೂಢಿಯಾಗಲಿಲ್ಲ. ಅಳತೆ ತಪ್ಪಿ ದಿನವೂ ಹೆಚ್ಚಾಗುತ್ತಿತ್ತು.

ಹಲವು ವರ್ಷಗಳ ಮೇಲೆ ಅವರ ತಂಡ ವಲಯ ಗೆದ್ದು ಮತ್ತೆ ಕಲಬುರ್ಗಿಗೆ ಬಂತು. ಡ್ಯೂಟಿ ಮುಗಿಸಿ ಬಿಳಿ ಸೀರೆಯಲ್ಲೇ ಹೋಗಿ ಕಟ್ಟೆಯ ಮೇಲೆ ಕೂತೆ. ಹೊಸ ಹುಡುಗರು, ಒಬ್ಬನ ಪರಿಚಯವೂ ಇರಲಿಲ್ಲ. ಸೊನ್ನ ಊರಿನವನೆಂದು ಯಾರೋ ಹೇಳಿದ ಗಿಡ್ಡ ಹುಡುಗ ಚೆಂಡು ತಟ್ಟುತ್ತ ಬಂದ. ತಲೆ ಎತ್ತಿತ್ತು. ಬಲಕ್ಕೆ ನೋಡಿ ಎಡಕ್ಕೆ ಚೆಂಡು ಎಸೆದ. ಈ ಸಲ ಕಟ್ಟೆ ನಗಲಿಲ್ಲ. ಅಂದು ಅವರು ಗೆದ್ದರು. ಒಂದೇ ಪಂದ್ಯ, ಮರುದಿನದ್ದನ್ನು ಸೋತರು. ನನ್ನ ಗಂಡ ಮಾತ್ರ ಇಡೀ ಆಟ ನೆಲವನ್ನೇ ನೋಡುತ್ತ ಕೂತಿದ್ದರು. ಹುಡುಗರ ಮುಖ ನೋಡುವ ಧೈರ್ಯ ಅವರಿಗಿರಲಿಲ್ಲ.

ಗೆದ್ದ ದಿನ ಹುಡುಗರು ಅವರನ್ನು ಹೆಗಲ ಮೇಲೆ ಎತ್ತಿ ಇಳಿಸಿದ ಮೇಲೆ ಹತ್ತಿರ ಹೋಗಿ ಕೇಳಿದೆ, "ಈಗರ ಬರ್ತೀರೇನು?"

"ಇವ್ರೆಲ್ಲ ಕಡೀ ವರ್ಷದವ್ರು. ಮುಂದಿನವ್ರಿಗಿ ಇನ್ನಾ ಚೆಂಡ ಹಿಡ್ಯಾಕ ಬರಂಗಿಲ್ಲ," ಎಂದರು. ಆಮೇಲೆ ಸಣ್ಣ ದನಿಯಲ್ಲಿ, "ಯಾರಿಗೂ ಗಾಯ ಆಗಿಲ್ಲ ನೋಡು ಇವತ್ತ."

ಮತ್ತೆ ನಾನು ಕೇಳಲಿಲ್ಲ.

ತೊಂಬತ್ತರ ದಶಕದಲ್ಲಿ ಅವರು ನಿವೃತ್ತರಾದ ದಿನ ಕರೆದುಕೊಂಡು ಬರಲು ಅಫಜಲಪುರಕ್ಕೆ ಹೋದೆ. ಹಾರ ತುರಾಯಿ ಮುಗಿದ ಮೇಲೆ ಬಸ್ಸಿಗೆ ಹೊತ್ತಿತ್ತು. ನನ್ನ ಹಳೆಯ ಆಸ್ಪತ್ರೆ ನೋಡಿಬರೋಣವೆಂದು ಇಬ್ಬರೂ ಹೋದೆವು. ಅಂಗಳದಿಂದ ಕಿತ್ತ ಫರಸಿಗಳನ್ನು ಕಾಲೇಜಿನವರು ಆಸ್ಪತ್ರೆಗೆ ಕೊಟ್ಟಿದ್ದರಂತೆ. ರೋಗಿಗಳ ಮಂದಿ ಕೂಡುವ ಪಡಸಾಲೆಗೆ ಅವನ್ನೇ ಹಾಸಿದ್ದರು. ಬಿಳಿ ಬಣ್ಣ ಕೆಲವು ಕಲ್ಲುಗಳ ಮೇಲೆ ಹಾಗೆಯೇ ಉಳಿದಿತ್ತು. ಗಾರೆಯವನು ಸಿಕ್ಕ ಹಾಗೆ ಹಾಸಿದ್ದರಿಂದ ಗೆರೆಗೆ ಗೆರೆ ಕೂಡಿರಲಿಲ್ಲ. ಗೋಡೆಯ ಹತ್ತಿರ ಆಟದಂಗಳದ ಕಮಾನು ಗೆರೆಯ ಒಂದು ಚೂರು, ಬಾಗಿಲ ಬಳಿ ಇನ್ನೊಂದು. ಅವುಗಳ ಮೇಲೆ ಹೆಂಗಸರು ಕೂಸು ಮಲಗಿಸಿಕೊಂಡು ಕೂತಿದ್ದರು.

ನಾವೂ ಅಲ್ಲೇ ಕೂತೆವು. ಅವರು ಬಿಳಿ ಗೆರೆಯನ್ನು ಬಹಳ ಹೊತ್ತು ನೋಡಿದರು, ಬೆರಳಿನಿಂದ ಒಂದು ಸಂದನ್ನು ಮುಟ್ಟಿದರು.

"ಭಾಳ ದಿನಾ ಕಾಯ್ಸಿದೆ ನಿನಗ," ಎಂದರು.

"ಹೌದ್ರಿ."

"ನಡಿ, ಬಸ್ ಹೋಗ್ತದ," ಎಂದರು. ಆದರೆ ಏಳಲಿಲ್ಲ. ನಾನೂ ಅವಸರ ಮಾಡಲಿಲ್ಲ. ಆ ಬಸ್ಸು ಹೋಯಿತು, ಮುಂದಿನ ಬಸ್ಸಿಗೆ ಇಬ್ಬರೂ ಕಲಬುರ್ಗಿಗೆ ಬಂದೆವು.