ಗಾಡಿಯನ್ನು ನೆಲಕ್ಕೆ ಮಲಗಿಸಿ ನೋಡಿದ್ದು

ಮಕ್ಕಳೇ, ನಿಮ್ಮ ಅಜ್ಜ ತಮ್ಮ ಮೊದಲ ಮೋಟಾರ್ ಸೈಕಲ್ ಆರಿಸಿದ ದಿನ ನಾನು ಮೊದಲ ಸಲ ಮಾವನವರ ಎದುರು ಮಾತಾಡಿದೆ. ಎರಡನೇ ಮಹಾಯುದ್ಧ ಮುಗಿದ ಮರುವರ್ಷ ಅದು. ಹತ್ತಿ ಖರೀದಿಗೆ ಇವರು ಒಬ್ಬರೇ ಹಳ್ಳಿ ತಿರುಗಬೇಕಿತ್ತು. ಸೈಕಲ್ ಬಿಟ್ಟರೆ ಬೇರೇನೂ ನಡೆಸಿದವರಲ್ಲ. ಗ್ಯಾರೇಜಿನವನೊಬ್ಬ ಬೆಂಗೇರಿಯ ನಮ್ಮ ಅಂಗಳಕ್ಕೆ ಎರಡು ಹಳೆಯ ಗಾಡಿ ತಂದ. ಒಂದು ಮಿಲಿಟರಿಯವರು ಬಿಟ್ಟ ಭಾರಿ ಗಾಡಿ, ಇನ್ನೊಂದು ಸಣ್ಣದು. ಇವರ ಕಣ್ಣು ದೊಡ್ಡದರ ಮೇಲೇ ಇತ್ತು.

ನನಗೆ ಎರೆಮಣ್ಣಿನ ದಾರಿ ಗೊತ್ತು. ಕೆಸರಿನಲ್ಲಿ ಆ ದೊಡ್ಡ ಗಾಡಿ ಕಾಲ ಮೇಲೆ ಬಿದ್ದರೆ ಎತ್ತುವವರು ಯಾರು? ತವರೂರು ಗಬ್ಬೂರಿನಲ್ಲಿ ನಮ್ಮ ಅಪ್ಪ, ಮಲಗಿದ ಹೋರಿ ಹೇಗೆ ಏಳುತ್ತದೆ ಎಂದು ನೋಡದೆ ಕೊಳ್ಳುತ್ತಿರಲಿಲ್ಲ. ಬಾಗಿಲ ಮರೆಯಿಂದಲೇ ಇವರಿಗೆ ಹೇಳಿದೆ: "ಅದನ್ನ ನೆಲಕ್ಕ ಮಲಗಸ್ರಿ. ನೀವೊಬ್ಬರ ಎಬ್ಬಿಸಿ ನಿಲ್ಲಸ್ರಿ. ಆಮ್ಯಾಲೆ ತಗೋರಿ."

ಗ್ಯಾರೇಜಿನವನು ನಕ್ಕ. "ಅಕ್ಕಾರ, ಇದೇನು ಹೋರಿ ಅಲ್ರಿ."

"ಹೋರಿ ಆಗಿದ್ರ ತಾನ ಏಳತಿತ್ತು," ಎಂದೆ. "ಇದನ್ನ ಇವರ ಎಬ್ಬಸಬೇಕು."

ಮಾವನವರು ಕಟ್ಟೆಯಿಂದ ಎದ್ದರು. ಬೈಯುತ್ತಾರೆಂದುಕೊಂಡೆ. ಅವರು ಮಗನಿಗೆ, "ಮಲಗಸಪಾ, ನೋಡೂಣು," ಎಂದರು.

ಇವರು ಧೋತರದ ಕಚ್ಚೆ ಬಿಗಿದು ಮೂರು ಸಲ ಎಳೆದರು. ದೊಡ್ಡ ಗಾಡಿ ಮೊಣಕಾಲಿನ ತನಕ ಬಂದು ಮತ್ತೆ ಮಲಗಿತು. ಸಣ್ಣದನ್ನು ಒಂದೇ ಸಲಕ್ಕೆ ನಿಲ್ಲಿಸಿದರು. ಆದರೂ ಮುಖ ಸಣ್ಣದು ಮಾಡಿಕೊಂಡು, "ಇದು ಸಾಲಿ ಮಾಸ್ತರ ಗಾಡಿ ಇದ್ದಂಗ ಐತಿ," ಎಂದರು.

"ಇರಲಿ ಬಿಡ್ರಿ. ಸಂಜಿಗೆ ಮನಿಗೆ ಬರತೀರಲ್ಲ," ಎಂದೆ. ಇವರು ಸಣ್ಣದನ್ನು ತಳ್ಳಿಕೊಂಡು ಬಂದು ಕೊಟ್ಟಿಗೆಯಲ್ಲಿ ನಿಲ್ಲಿಸುವ ತನಕ ನಾನು ಬಾಗಿಲು ಬಿಟ್ಟು ಸರಿಯಲಿಲ್ಲ.