ಗೊಂಬೆಗೆ ಸ್ವೆಟರು ಹೆಣೆದ ಮಾದಮ್ಮ

ನನಗೆ ಮೊಮ್ಮಗಳು ಹುಟ್ಟಿದ್ದಾಳೆ. ಇವತ್ತು ಮಧ್ಯಾಹ್ನ ಆಸ್ಪತ್ರೆಯಿಂದ ಲಂಡನ್ನಿನ ಹೇಸ್‌ನಲ್ಲಿರುವ ನಮ್ಮ ಮನೆಗೆ ಬಂದಳು. ತಲೆ ತುಂಬಾ ಕರೀ ಕೂದಲು, ಮುಷ್ಟಿ ಬಿಗಿಹಿಡಿದು ಮಲಗಿದ್ದಾಳೆ. ಎಷ್ಟು ನೋಡಿದರೂ ಸಾಲದು ನನಗೆ. ಅವಳ ಮೈಮೇಲಿನ ಹಳದಿ ಉಣ್ಣೆ ಅಂಗಿ ಮಾದಮ್ಮ ಹೆಣೆದದ್ದು.

ಮಾದಮ್ಮ ನಮ್ಮ ಮೇಲಿನ ರೂಮಿನಲ್ಲಿ ಬಾಡಿಗೆಗಿದ್ದ ನರ್ಸು. ಬಿಳಿಗಿರಿರಂಗನ ಬೆಟ್ಟದ ಸೋಲಿಗರವಳು. ಬಸ್ಸಿನಲ್ಲಿ, ಟಿವಿ ಮುಂದೆ, ಎಲ್ಲಿ ಕೂತರೂ ಕೈಯಲ್ಲಿ ಹೆಣಿಗೆ ಕಡ್ಡಿ. ಬಂದ ವಾರದಲ್ಲೇ ಹೆಣೆದದ್ದು ಮಾತ್ರ ನಮ್ಮ ಗೊಂಬೆಗೆ.

ಅದು ಅಳಿಯ ಮೈಸೂರಿನಿಂದ ತಂದ ಶೋಪೀಸು. ಕಾಡಿನ ಹುಡುಗಿ, ಸೊಂಟಕ್ಕೆ ಎಲೆ, ತಲೆಗೆ ಗರಿ, ಮುಖದ ತುಂಬಾ ಹಲ್ಲು, ಎರಡೂ ಕೈಯಲ್ಲಿ ಎತ್ತಿ ಹಿಡಿದ ತಟ್ಟೆ. ಬಂದವರಿಗೆ ಗೋಡಂಬಿ ಇಡುವುದು ಅದರಲ್ಲೇ. ತಿಂದವರು ಗೊಂಬೆಯ ಕೆನ್ನೆ ಸವರಿ ‘ಕ್ಯೂಟ್’ ಅನ್ನುವರು. ಒಂದು ಬೆಳಿಗ್ಗೆ ನೋಡಿದರೆ ಅದಕ್ಕೆ ಗೇಣುದ್ದದ ನೀಲಿ ಸ್ವೆಟರು.

ಅಳಿಯ ನಕ್ಕ. “ಏನ್ರೀ ಮಾದಮ್ಮ, ಲಂಡನ್ ಥಂಡಿ ಗೊಂಬಿಗೂ ಹತ್ತೇತೇನು?”

“ಅದು ನಾನೇ ಕಣಪ್ಪ,” ಅಂದಳು, ಕಡ್ಡಿ ನಿಲ್ಲಿಸದೆ. “ಚಿಕ್ಕೋಳಿದ್ದಾಗ ನೀಲಿ ಲಂಗ ಹಾಕ್ಕಂಡು ಇಸ್ಕೂಲ್ಗೆ ಹೊಂಟಿದ್ದೆ. ಫೋಟೋ ತಗಿಯಕ್ಕೆ ಬಂದೋರು, ಇದು ಬ್ಯಾಡ ಅಂತ ಬಿಚ್ಚಿಸಿ ಎಲೆ ಕಟ್ಬುಟ್ರು. ನಮ್ಮವ್ವ ಯಾವತ್ತೂ ನಂಗೆ ಎಲೆ ಉಡಿಸ್ದೋಳಲ್ಲ. ನಗು ಅಂದ್ರು. ನಕ್ಕೆ.”

ಶನಿವಾರ ಹ್ಯಾರೋದಿಂದ ಗೆಳೆಯರು ಬರುವ ಮುಂಚೆ ಅಳಿಯ ಸ್ವೆಟರು ಬಿಚ್ಚಿ ಡ್ರಾವರಿಗೆ ಹಾಕಿದ. ಮಾದಮ್ಮ ಮತ್ತೆ ತೊಡಿಸಿದಳು. ಅವನು ಮತ್ತೆ ಬಿಚ್ಚಿದ.

ನನ್ನ ಮಗಳು ಬಸುರಿ ಎಂದು ತಿಳಿದ ಮೇಲೆ ಮಾದಮ್ಮ ಹಳದಿ ಅಂಗಿ ಶುರು ಮಾಡಿದಳು. ಆಮೇಲೆ ತಾನೇ ರೋಗಿಯಾಗಿ ಹಾಸಿಗೆ ಹಿಡಿದಳು. ಅಲ್ಲೇ ಮುಗಿಸಿ ನನ್ನ ಕೈಗಿಟ್ಟಳು. “ಕೂಸು ಮನೆಗೆ ಬರೋದ್ರೊಳಗೆ ಆ ಗೊಂಬೆ ತಗ್ದು ಮಡಗಿ, ಅವ್ವ. ನಮ್ಮ ಮಕ್ಳು ತಟ್ಟೆ ಹಿಡ್ಕಂಡೇ ಹುಟ್ತವೆ ಅಂತ ಈ ಕೂಸು ಕಲಿಬಾರ್ದು.” ಅದೇ ವಾರ ತೀರಿಕೊಂಡಳು.

ಇವತ್ತು ಬೆಳಿಗ್ಗೆ ಗೊಂಬೆಗೆ ನೀಲಿ ಸ್ವೆಟರು ತೊಡಿಸಿ, ನನ್ನ ಹಳೆ ಸೀರೆಯಲ್ಲಿ ಸುತ್ತಿ ಸೂಟ್‌ಕೇಸಿನ ತಳಕ್ಕಿಟ್ಟೆ.

ಸಂಜೆ ರೊಟ್ಟಿ, ಎಣಗಾಯಿ, ಹೋಳಿಗೆ. ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತೆವು.

“ಅತ್ತಿ, ಗೊಂಬಿ ಎಲ್ಲೈತ್ರಿ?” ಅಳಿಯ ಕೇಳಿದ.

“ಒಳಗ ಇಟ್ಟೀನಪಾ.”

ಕೂಸು ನೋಡಲು ಬಂದಿದ್ದ ಅವನ ಅಣ್ಣ ಅದರ ಅಂಗಿ ಮುಟ್ಟಿ ನೋಡಿದ. “ಭಾಳ ಛಲೋ ಐತಿ. ಯಾವ ಅಂಗಡೀದು?”

“ಮಾದಮ್ಮ ಹೆಣದದ್ದು,” ಅಂದೆ ನಾನು.

“ಯಾವ ಮಾದಮ್ಮ?”

“ಮ್ಯಾಲಿನ ರೂಮಿನ್ಯಾಗ ಇದ್ದಳಲ್ಲ, ಆ ಕಾಡಿನಾಕಿ,” ಅಂದ ಅಳಿಯ, ಹೋಳಿಗೆಗೆ ತುಪ್ಪ ಹಾಕಿಕೊಳ್ಳುತ್ತ.

ನಾನು ಮೊಮ್ಮಗಳನ್ನು ತೊಡೆಯ ಮೇಲೆ ಹಾಕಿಕೊಂಡೆ. ಎಲ್ಲರೂ ಊಟ ಮಾಡಿದರು.