ಗಂಡಾಳಿನ ಕೂಲಿ

ಗೆಳೆಯರೇ, ಇವತ್ತು ಕೂಡ್ಲಿಗಿ ಹತ್ತಿರದ ನಮ್ಮ ಹೊಲದಲ್ಲಿ ನನ್ನ ಹೆಂಡತಿಯ ಸಮಾಧಿಗೆ ಕಟ್ಟೆ ಕಟ್ಟಿಸಿದೆ. ಒಬ್ಬ ಮೇಸ್ತ್ರಿ, ಒಬ್ಬ ಗಂಡಾಳು, ದುರುಗವ್ವ ಎಂಬ ಹೆಣ್ಣಾಳು ಬಂದಿದ್ದರು. ಕಲ್ಲು, ಮರಳು, ಬಾವಿಯ ನೀರು ಎಲ್ಲವನ್ನೂ ದುರುಗವ್ವನೇ ಹೊತ್ತಳು. ಗಂಡಾಳು ಸಿಮೆಂಟು ಕಲೆಸಿ, ಉಳಿದ ಹೊತ್ತು ಬೇವಿನ ನೆರಳಲ್ಲಿ ಬೀಡಿ ಸೇದಿದ. ಸಂಜೆ ಇಬ್ಬರಿಗೂ ಒಂದೇ ಕೂಲಿ ಕೊಟ್ಟೆ.

ಮೇಸ್ತ್ರಿ ಕರಣೆ ತೊಳೆಯುವುದನ್ನು ನಿಲ್ಲಿಸಿದ. "ಏನ್ರಿ ಸರ, ಊರಾಗಿನ ರೇಟ್ ಕೆಡಸ್ತೀರೇನು? ಹೆಣ್ಣಾಳಿಗೆ ಅರ್ಧಾನ ಐತಿ."

"ಈಕ್ವಲ್ ಪೇ ಫಾರ್ ಈಕ್ವಲ್ ವರ್ಕ್," ಅಂದೆ. ಬಿ.ಎ. ಪರೀಕ್ಷೆಗೆ ಬಾಯಿಪಾಠ ಮಾಡಿದ್ದು. ಮುಂದಿನ ಸಾಲು ನೆನಪಿಗೆ ಬರಲಿಲ್ಲ.

"ಆತು ಬಿಡ್ರಿ. ನಾಳಿಂದ ಈಕಿನ್ನ ನೀವ ಕೆಲಸಕ್ಕ ಕರೀರಿ," ಅಂದ ಮೇಸ್ತ್ರಿ.

ದುರುಗವ್ವ ಹೆಚ್ಚಿಗೆ ಬಂದ ನೋಟನ್ನು ಹಸಿ ಕಟ್ಟೆಯ ಮೇಲಿಟ್ಟು, ಹಾರದಂತೆ ಒಂದು ಕಲ್ಲು ಇಟ್ಟಳು. "ತಗೋರಿ ಸರ. ನಿಮ್ಮ ಕೆಲಸ ಇವತ್ತಿಗೆ ಮುಗೀತು. ನಾಳಿ ನನ್ನ ಕರಿಯೋರು ಮೇಸ್ತ್ರಿನ. ಮನ್ಯಾಗ ಇನ್ನ ಮೂರು ಬಾಯಿ ಅದಾವ."

ನಾನು ವಾದ ಮಾಡಬಹುದಿತ್ತು. ನನ್ನಾಕೆ ಬದುಕಿದ್ದಿದ್ದರೆ ಮಾಡುತ್ತಿದ್ದಳು, ಸಂತೆಯಲ್ಲಿ ತಕ್ಕಡಿ ಹಿಡಿದವರನ್ನೇ ಬಿಟ್ಟವಳಲ್ಲ. ಇರಲಿ, ಮಾತು ಎಲ್ಲಿಗೋ ಹೋಯಿತು. ನೋಟನ್ನು ಜೇಬಿಗಿಟ್ಟುಕೊಂಡು, ಕಾಲೇಜಿನಲ್ಲಿ ಕಲಿತ ಮ್ಯಾನರ್ಸ್ ಪ್ರಕಾರ ದುರುಗವ್ವನಿಗೆ ಥ್ಯಾಂಕ್ಯೂ ಅಂದೆ.

ಹೊರಡುವಾಗ ಮೇಸ್ತ್ರಿ ಗಂಡಾಳಿಗೆ ಹೇಳುತ್ತಿದ್ದ: "ಸರ ಒಳ್ಳೇ ಮನಷ್ಯಾರಲೇ, ಹೇಳಿದ್ರ ತಿಳ್ಕೊಂತಾರ."